ಕಾಯಿಸಿ ತೋರಿಸೋಕೆ ಯಾವುದು ಒಳ್ಳೆಯದು? ಐಸಿನಿಂದ ಮೈಲುತುತ್ತದವರೆಗೆ ಒಂದು ಹೋಲಿಕೆ

ಫೆಬ್ರವರಿ 28ರ ವಿಜ್ಞಾನ ದಿನ ಹತ್ತಿರ ಬಂದರೆ ಸಾಕು, ನಮ್ಮ ದಾವಣಗೆರೆಯ ಹೈಸ್ಕೂಲುಗಳಲ್ಲಿ ಮಕ್ಕಳದು ಅದೇ ಪ್ರಶ್ನೆ. "ಸರ್, ಘನವಸ್ತು ಕಾಯಿಸಿದರೆ ಏನಾಗುತ್ತೆ ಅಂತ ತೋರಿಸಬೇಕು. ಏನು ತರಲಿ?" ಕೊನೆಗೆ ಹೆಚ್ಚಿನವರು ತರುವುದು ಒಂದು ಮೇಣದ ಬತ್ತಿ, ಒಂದು ಬಟ್ಟಲು ಐಸು. ಎರಡೂ ಕರಗುತ್ತವೆ. ನೋಡಲು ಬಂದವರು ತಲೆಯಾಡಿಸಿ ಮುಂದಿನ ಟೇಬಲ್ಲಿಗೆ ಹೋಗುತ್ತಾರೆ.

ಕಾಯಿಸಿದ ವಸ್ತುಗಳೆಲ್ಲ ಒಂದೇ ದಾರಿ ಹಿಡಿಯುವುದಿಲ್ಲ. ಕೆಲವು ಒಂದೇ ಉಷ್ಣತೆಯಲ್ಲಿ ಪಟ್ಟಾಗಿ ನಿಂತು ಕರಗುತ್ತವೆ. ಕೆಲವು ಮೆತ್ತಗಾಗುತ್ತಾ ಆಗುತ್ತಾ ದ್ರವವಾಗುತ್ತವೆ. ಕೆಲವು ಕರಗುವಷ್ಟರಲ್ಲೇ ಕೆಟ್ಟು ಬೇರೆ ಏನೋ ಆಗಿಬಿಡುತ್ತವೆ. ಕೆಲವು ದ್ರವವಾಗುವ ಗೋಜಿಗೇ ಹೋಗದೆ ನೇರ ಆವಿಯಾಗುತ್ತವೆ. ಇನ್ನು ಕೆಲವಕ್ಕೆ ನಮ್ಮ ಗ್ಯಾಸ್ ಒಲೆ ಯಾವ ಲೆಕ್ಕಕ್ಕೂ ಇಲ್ಲ. ಹಾಗಾಗಿ ಏನು ತರಬೇಕು ಅನ್ನುವುದಕ್ಕಿಂತ ಮೊದಲು ಏನು ತೋರಿಸಬೇಕು ಅಂತ ಗೊತ್ತು ಮಾಡಿಕೊಳ್ಳಿ. ನಾನು ಪ್ರತಿ ವಸ್ತುವಿನಲ್ಲೂ ಮೂರು ವಿಷಯ ನೋಡುತ್ತೇನೆ. ಕರಗುವಾಗ ಥರ್ಮಾಮೀಟರ್ ಒಂದೇ ಕಡೆ ನಿಲ್ಲುತ್ತದಾ? ತಣ್ಣಗಾದರೆ ಮೊದಲಿನ ಹಾಗೇ ಆಗುತ್ತದಾ? ಮಕ್ಕಳ ಕೈಗೆ ಕೊಡಬಹುದಾ? ದುಡ್ಡಿನ ಮಾತು ಆಮೇಲೆ. ಇಲ್ಲಿ ಹೇಳುವ ವಸ್ತುಗಳಲ್ಲಿ ಒಂದೆರಡು ಬಿಟ್ಟರೆ ಉಳಿದದ್ದೆಲ್ಲ ಮನೆಯಲ್ಲೋ ಪಕ್ಕದ ಅಂಗಡಿಯಲ್ಲೋ ಸಿಗುತ್ತವೆ.

ಅಂಕಿ ಬೇಕು ಅಂದರೆ ಐಸು

ಗ್ರಾಫ್ ಬರೆಯಬೇಕು, ಲೆಕ್ಕ ತೋರಿಸಬೇಕು ಅನ್ನುವವರಿಗೆ ಐಸನ್ನು ಮೀರಿಸಿದ್ದು ಇಲ್ಲ. ಶುದ್ಧ ನೀರಿನ ಐಸು ಕರಗುವುದು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಚೆನ್ನಾಗಿ ಕಲಕುತ್ತಾ ಇದ್ದರೆ, ಕೊನೆಯ ಚೂರು ಕರಗುವ ತನಕ ಥರ್ಮಾಮೀಟರ್ ಅಲ್ಲಿಂದ ಕದಲುವುದಿಲ್ಲ. ಕೆಳಗೆ ಉರಿ ಇದೆ, ಉಷ್ಣತೆ ಮಾತ್ರ ಏರುತ್ತಿಲ್ಲ. ಇದನ್ನು ಕಣ್ಣಾರೆ ನೋಡಿದ ಮಕ್ಕಳಿಗೆ ಗುಪ್ತೋಷ್ಣ ಅಂದರೆ ಏನು ಅಂತ ಬಾಯಿಪಾಠ ಮಾಡಿಸಬೇಕಾಗಿಲ್ಲ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲಿ ಅಳೆದು ತೋರಿಸಿದ್ದೂ ಇದನ್ನೇ.

ಒಂದು ಗ್ರಾಂ ಐಸು ಕರಗಲು 334 ಜೂಲ್, ಅಂದರೆ ಸುಮಾರು 80 ಕ್ಯಾಲೊರಿ ಶಾಖ ಬೇಕು. ಅದೇ ಶಾಖವನ್ನು 0 ಡಿಗ್ರಿಯ ಒಂದು ಗ್ರಾಂ ನೀರಿಗೆ ಕೊಟ್ಟಿದ್ದರೆ ಅದು 80 ಡಿಗ್ರಿಗೆ ಹೋಗಿ ನಿಲ್ಲುತ್ತಿತ್ತು. ಕೈ ಇಟ್ಟರೆ ಬೊಬ್ಬೆ ಬರುವಷ್ಟು ಬಿಸಿ! ಅಷ್ಟೂ ಶಾಖ ಐಸಿನ ಕಣಗಳ ಕಟ್ಟು ಸಡಿಲಿಸುವುದಕ್ಕೇ ಖರ್ಚಾಗುತ್ತದೆ.

ಐಸಿನ ತೊಂದರೆ ನಮ್ಮೂರಿನ ಬಿಸಿಲು. ಫೆಬ್ರವರಿ ಕೊನೆಗೆ ಮಧ್ಯಾಹ್ನ 30 ಡಿಗ್ರಿ ದಾಟಿರುತ್ತದೆ. ಅತಿಥಿಗಳು ಬಂದು, ಭಾಷಣ ಮುಗಿದು, ಟೇಪು ಕತ್ತರಿಸುವ ಹೊತ್ತಿಗೆ ನಿಮ್ಮ ಬೀಕರಿನಲ್ಲಿ ಬರೀ ನೀರು. ಥರ್ಮೋಕೋಲ್ ಡಬ್ಬಿ ಬೇಕೇ ಬೇಕು. ಐಸನ್ನು ಬಟ್ಟೆಯಲ್ಲಿ ಸುತ್ತಿ ಜಜ್ಜಿ ಪುಡಿ ಮಾಡಿ, ಸ್ವಲ್ಪ ನೀರು ಬೆರೆಸಿ, ಥರ್ಮಾಮೀಟರಿನ ಬುಡ ಪೂರ್ತಿ ಅದರಲ್ಲಿ ಮುಳುಗುವ ಹಾಗೆ ಇಡಿ. ದೊಡ್ಡ ಗಡ್ಡೆ ಇಟ್ಟರೆ ನೀರು ಒಂದು ಕಡೆ, ಐಸು ಒಂದು ಕಡೆ ಆಗಿ ಓದು ತಪ್ಪುತ್ತದೆ. ಲ್ಯಾಬಿನ ಥರ್ಮಾಮೀಟರೇ ಆಗಬೇಕು. ಜ್ವರ ನೋಡುವುದು ಇಲ್ಲಿ ಕೆಲಸಕ್ಕೆ ಬಾರದು.

ಇದಕ್ಕೆ ಒಂದು ಹಿಡಿ ಉಪ್ಪು ಸೇರಿಸಿದರೆ ಕಥೆಯೇ ಬೇರೆ. ಉಷ್ಣತೆ ಸೊನ್ನೆಗಿಂತ ಕೆಳಗೆ ಸರಸರನೆ ಇಳಿಯುತ್ತದೆ. ಉಪ್ಪು ಐಸು ಸರಿಯಾದ ಪ್ರಮಾಣದಲ್ಲಿ ಸೇರಿದರೆ ಮೈನಸ್ 21ರವರೆಗೂ ಇಳಿಯಬಲ್ಲದು. ಕುಲ್ಫಿ ಗಾಡಿಯವರ ಮಡಕೆಯಲ್ಲಿ ನಡೆಯುವುದು ಇದೇ. ಮೈನಸ್ 10ರಿಂದ ಶುರುವಾಗುವ ಥರ್ಮಾಮೀಟರ್ ಆಗಿದ್ದರೆ ಮಾತ್ರ ಸ್ವಲ್ಪ ಹುಷಾರು. ಪಾದರಸ ಬುಡ ಸೇರಿ, ಓದುವುದಕ್ಕೆ ಏನೂ ಉಳಿಯುವುದಿಲ್ಲ.

ಮೇಣವೋ, ಸ್ಟಿಯರಿಕ್ ಆಮ್ಲವೋ, ಕೊಬ್ಬರಿ ಎಣ್ಣೆಯೋ

ಮೂರೂ ಬೆಳ್ಳಗೆ, ಮೂರೂ ಜಿಡ್ಡು ಜಿಡ್ಡು. ದೂರದಿಂದ ನೋಡಿದರೆ ಅಣ್ಣತಮ್ಮಂದಿರ ಹಾಗೆ. ಆದರೆ ಆಯ್ಕೆ ಮಾಡುವಾಗ ವ್ಯತ್ಯಾಸ ದೊಡ್ಡದು.

ಮೇಣದ ಬತ್ತಿಯ ಪ್ಯಾರಫಿನ್ ಒಂದೇ ವಸ್ತು ಅಲ್ಲ, ಬೇರೆ ಬೇರೆ ಉದ್ದದ ಹೈಡ್ರೋಕಾರ್ಬನ್‌ಗಳ ಬೆರಕೆ. ಹಾಗಾಗಿ ಅದು ಒಂದು ಅಂಕಿಗೆ ಕಟ್ಟುಬೀಳುವುದಿಲ್ಲ. ಯಾವ ಮೇಣ ಅನ್ನುವುದರ ಮೇಲೆ 46ರಿಂದ 68 ಡಿಗ್ರಿಯ ನಡುವೆ ಎಲ್ಲೋ ಕರಗುತ್ತದೆ. ಥರ್ಮಾಮೀಟರ್ ನಿಧಾನವಾಗುತ್ತದೆ, ಆದರೆ ಐಸಿನ ಹಾಗೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಗ್ರಾಫ್‌ನಲ್ಲಿ ಸಮತಟ್ಟಾದ ಗೆರೆ ಬರಬೇಕು ಅಂತ ಹಟ ಇದ್ದರೆ ಮೇಣ ಬಿಡಿ, ಲ್ಯಾಬ್ ಸಾಮಾನಿನ ಅಂಗಡಿಯಿಂದ ಸ್ಟಿಯರಿಕ್ ಆಮ್ಲ ತನ್ನಿ. ಹೆಸರಲ್ಲಿ ಆಮ್ಲ ಇದೆ ಅಂತ ಹೆದರಬೇಡಿ. ಸೋಪಿಗೂ ಮೇಣದ ಬತ್ತಿಗೂ ಹಾಕುವ ಬಿಳಿ ಚೂರು ಅದು. ಶುದ್ಧವಾಗಿದ್ದರೆ 69 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಪ್ರನಾಳದಲ್ಲಿ ಹಾಕಿ ಬಿಸಿನೀರಿನಲ್ಲಿಟ್ಟು ಕರಗಿಸಿ, ಹೊರಗೆ ತೆಗೆದು ಅರ್ಧ ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಳ್ಳಿ. ಇಳಿಯುತ್ತಾ ಬಂದ ಗೆರೆ ಅಲ್ಲಿ ಬಂದು ಮಲಗುತ್ತದೆ. ಗಟ್ಟಿಯಾಗುವ ಕೆಲಸ ಮುಗಿದ ಮೇಲೆ ಮತ್ತೆ ಇಳಿಯಲು ಶುರು.

ಹಳೆಯ ಲ್ಯಾಬ್ ಕೈಪಿಡಿಗಳಲ್ಲಿ ಈ ಪ್ರಯೋಗಕ್ಕೆ ನುಸಿಗುಳಿಗೆ, ಅಂದರೆ ನ್ಯಾಫ್ತಲಿನ್ ಬಳಸುತ್ತಿದ್ದರು. 80 ಡಿಗ್ರಿಗೆ ಚೆಂದವಾಗಿ ಕರಗುವುದು ನಿಜ. ಅದರ ಆವಿ ಮಾತ್ರ ಒಳ್ಳೆಯದಲ್ಲ. ರಕ್ತದಲ್ಲಿ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಅದು ಕೆಂಪು ರಕ್ತಕಣಗಳನ್ನೇ ಒಡೆಯಬಹುದು. ಸ್ಟಿಯರಿಕ್ ಆಮ್ಲ ಇರುವಾಗ ಅದು ಯಾಕೆ ಬೇಕು?

ಮೇಣ ಗೆಲ್ಲುವುದು ಇನ್ನೊಂದು ಕಡೆ. ಒಂದು ಸಣ್ಣ ಗಾಜಿನ ಬಟ್ಟಲಿಗೆ ಕರಗಿದ ಮೇಣವನ್ನು ಅಂಚಿನ ತನಕ ಸುರಿದು ಅಲುಗಾಡಿಸದೆ ಬಿಡಿ. ಮೊದಲು ಅಂಚಿನಲ್ಲಿ ಹಾಲಿನ ಕೆನೆಯಂಥ ಬಿಳಿ ಪದರ ಕಟ್ಟುತ್ತದೆ. ಅದು ಒಳಗೊಳಗೆ ಬೆಳೆಯುತ್ತದೆ. ಪೂರ್ತಿ ಗಟ್ಟಿಯಾದಾಗ ನೋಡಿದರೆ ನಡುವೆ ಒಂದು ಗುಳಿ ಬಿದ್ದಿರುತ್ತದೆ. ದ್ರವ ಮೇಣ ಗಟ್ಟಿಯಾಗುವಾಗ ಕುಗ್ಗುತ್ತದೆ, ಕೊನೆಗೆ ಗಟ್ಟಿಯಾದ ನಡುಭಾಗಕ್ಕೆ ಸಾಮಾನು ಸಾಲುವುದಿಲ್ಲ. ಪಕ್ಕದಲ್ಲೇ ಅದೇ ಅಳತೆಯ ಬಟ್ಟಲಿನಲ್ಲಿ ನೀರು ಹೆಪ್ಪುಗಟ್ಟಿಸಿ ತಂದಿಟ್ಟರೆ ಅದು ನಡುವೆ ಉಬ್ಬಿರುತ್ತದೆ. ನೀರು ಐಸಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದಲ್ಲ, ಅದಕ್ಕೆ. ಒಂದು ಗುಳಿ, ಒಂದು ಉಬ್ಬು. ಮೇಣದ ಚೂರು ಕರಗಿದ ಮೇಣದಲ್ಲಿ ಮುಳುಗುತ್ತದೆ, ಐಸು ನೀರಿನ ಮೇಲೆ ತೇಲುತ್ತದೆ. ಈ ಜೋಡಿ ಇಟ್ಟರೆ ನಿಮ್ಮ ಟೇಬಲ್ ಮುಂದೆ ಜನ ನಿಲ್ಲುತ್ತಾರೆ, ನೋಡುತ್ತಿರಿ.

ಮೇಣವನ್ನು ನೇರ ಉರಿಯ ಮೇಲೆ ಮಾತ್ರ ಇಡಬೇಡಿ. ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಮೇಣದ ಬಟ್ಟಲು ಇಡಿ. ನೀರು ಇರುವ ತನಕ 100 ಡಿಗ್ರಿ ದಾಟುವುದಿಲ್ಲ, ಮೇಣ ಹೊತ್ತಿಕೊಳ್ಳುವ ಭಯ ಇಲ್ಲ.

ಪ್ರೈಮರಿ ಮಕ್ಕಳಿಗೆ ಉರಿಯೇ ಬೇಡ ಅಂದರೆ ಕೊಬ್ಬರಿ ಎಣ್ಣೆ ತಗೊಳ್ಳಿ. ಅದು ಕರಗುವುದು 24-25 ಡಿಗ್ರಿಗೆ. ಡಿಸೆಂಬರ್ ಬೆಳಿಗ್ಗೆ ಬಾಟಲಿಯಿಂದ ಬೀಳುವುದೇ ಇಲ್ಲ, ಬಚ್ಚಲಿನ ಬಿಸಿನೀರಿಗೆ ಅದ್ದಬೇಕು, ಅಲ್ವಾ? ಬೇಸಿಗೆಯಲ್ಲಾದರೆ ಹಿಂದಿನ ರಾತ್ರಿ ಫ್ರಿಜ್‌ನಲ್ಲಿಟ್ಟು ತನ್ನಿ. ಮುಚ್ಚಳ ಭದ್ರವಾಗಿರುವ ಸಣ್ಣ ಶೀಶೆ ಮಕ್ಕಳ ಮುಷ್ಟಿಯಲ್ಲಿಟ್ಟರೆ ಮೈಶಾಖಕ್ಕೇ ಕರಗುತ್ತದೆ. ಮತ್ತೆ ಫ್ರಿಜ್‌ಗೆ ಇಟ್ಟರೆ ಗಟ್ಟಿ. ಎಷ್ಟು ಸಲ ಬೇಕಾದರೂ ಮಾಡಿ.

ಬೆಣ್ಣೆ: ನನ್ನ ಮೊದಲ ಆಯ್ಕೆ

ದಾವಣಗೆರೆಯವನು ಬೆಣ್ಣೆಯನ್ನು ಹೊಗಳದೆ ಇರುತ್ತಾನಾ ಅಂತ ನಗಬೇಡಿ. ಕಾರಣ ಇದೆ. ಉಳಿದ ವಸ್ತುಗಳು ಒಂದೊಂದು ಬದಲಾವಣೆ ತೋರಿಸಿದರೆ ಬೆಣ್ಣೆ ಒಂದೇ ಬಾಣಲೆಯಲ್ಲಿ ಮೂರು ತೋರಿಸುತ್ತದೆ.

ದೋಸೆಗೆ ಹಾಕುವ ಉಪ್ಪಿಲ್ಲದ ಬಿಳಿ ಬೆಣ್ಣೆಯೇ ಆಗಲಿ. ಬಣ್ಣ ಹಾಕಿದ, ಉಪ್ಪು ಹಾಕಿದ ಪೊಟ್ಟಣದ ಬೆಣ್ಣೆಯಲ್ಲಿ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ದಪ್ಪ ತಳದ ಸ್ಟೀಲ್ ಬಾಣಲೆಗೆ ಒಂದು ಉಂಡೆ ಹಾಕಿ, ಸಣ್ಣ ಉರಿ ಇಡಿ. ಮೊದಲು ಉಂಡೆಯ ಬುಡ ಜಾರುತ್ತದೆ. ಹಾಲಿನ ಕೊಬ್ಬಿನಲ್ಲಿ ಹಲವು ಬಗೆಯ ಕೊಬ್ಬುಗಳಿವೆ, ಒಂದೊಂದು ಒಂದೊಂದು ಉಷ್ಣತೆಗೆ ಕರಗುತ್ತದೆ. ಅದಕ್ಕೇ ಫ್ರಿಜ್‌ನಿಂದ ತೆಗೆದ ಬೆಣ್ಣೆ ಮೊದಲು ಮೆತ್ತಗಾಗಿ, ಆಮೇಲೆ ಹಿಸುಕಿದರೆ ಬೆರಳಿಗೆ ಹತ್ತಿ, 35 ಡಿಗ್ರಿಯ ಹೊತ್ತಿಗೆ ಪೂರ್ತಿ ಕರಗುವುದು. ಬಾಯಿಗೆ ಇಟ್ಟ ತಕ್ಷಣ ಇಲ್ಲದಂತಾಗುವ ಗುಟ್ಟೂ ಇಷ್ಟೇ, ಬಾಯಿಯ ಬಿಸಿ ಅದಕ್ಕಿಂತ ಒಂದೆರಡು ಡಿಗ್ರಿ ಜಾಸ್ತಿ. ಇದು ಮೊದಲನೆಯ ಬದಲಾವಣೆ.

ಆಮೇಲೆ ನೊರೆ ಬರುತ್ತದೆ, ಚಟಪಟ ಸದ್ದು. ಇದು ಬೆಣ್ಣೆ ಕುದಿಯುವುದಲ್ಲ. ಬೆಣ್ಣೆಯೊಳಗೆ ಸಿಕ್ಕಿಕೊಂಡಿದ್ದ ನೀರು ಕುದಿಯುವುದು. ಅಂಗಡಿಯ ಟೇಬಲ್ ಬೆಣ್ಣೆಯಲ್ಲಿ ಕೊಬ್ಬು ಶೇಕಡಾ 80ಕ್ಕೆ ಕಡಿಮೆ ಇರಬಾರದು, ನೀರು 16ಕ್ಕಿಂತ ಹೆಚ್ಚಿರಬಾರದು ಅಂತ ನಿಯಮ ಇದೆ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಇನ್ನೂ ಜಾಸ್ತಿಯೇ ಇರಬಹುದು. ಆ ನೀರು ಹೋಗುವ ತನಕ ಉಷ್ಣತೆ 100ರ ಆಸುಪಾಸಿನಲ್ಲೇ ತಿಣುಕುತ್ತದೆ. ಬಾಣಲೆಯ ಮೇಲೆ ತಣ್ಣನೆಯ ಸ್ಟೀಲ್ ತಟ್ಟೆ ಹಿಡಿದರೆ ಹನಿ ಕಟ್ಟುತ್ತದೆ. ಹನಿ ಮುಟ್ಟಿ ನೋಡಿ, ನೀರೇ. ಸದ್ದು ನಿಂತರೆ ನೀರು ಮುಗಿಯಿತು ಅಂತ ಅರ್ಥ. ನಮ್ಮ ಅಜ್ಜಿಯರು ಥರ್ಮಾಮೀಟರ್ ಇಲ್ಲದೆ ಕಿವಿಯಲ್ಲೇ ಹದ ಹಿಡಿಯುತ್ತಿದ್ದದ್ದು ಇದರಿಂದ.

ಮೂರನೆಯದು ಈಗ. ನೀರು ಹೋದ ಮೇಲೆ ಉಷ್ಣತೆ ಬೇಗ ಏರುತ್ತದೆ. 120 ಡಿಗ್ರಿ ದಾಟಿದ ಮೇಲೆ ತಳದಲ್ಲಿರುವ ಹಾಲಿನ ಪ್ರೋಟೀನು, ಸಕ್ಕರೆ ಸೇರಿ ಕಂದು ಬಣ್ಣಕ್ಕೆ ತಿರುಗುತ್ತವೆ. ಘಮ ಹರಡುತ್ತದೆ. ವೀಳ್ಯದೆಲೆಯನ್ನೋ ನುಗ್ಗೆ ಸೊಪ್ಪನ್ನೋ ಹಾಕಿ ಒಲೆ ಆರಿಸುವ ಹೊತ್ತು ಅದು. ಆ ಗಸಿ ಇನ್ನು ಏನು ಮಾಡಿದರೂ ಬಿಳಿ ಆಗುವುದಿಲ್ಲ. ಕರಗಿದ ಕೊಬ್ಬು ತಣ್ಣಗಾದರೆ ಗಟ್ಟಿಯಾಗುತ್ತದೆ, ಆದರೆ ಬೆಣ್ಣೆಯಾಗುವುದಿಲ್ಲ, ತುಪ್ಪವಾಗುತ್ತದೆ. ಹಿಂದಿರುಗುವ ಬದಲಾವಣೆ, ಹಿಂದಿರುಗದ ಬದಲಾವಣೆ ಎರಡೂ ಅಕ್ಕಪಕ್ಕ. ಇದನ್ನು ಬಿಟ್ಟು ಕಾಗದ ಸುಟ್ಟು ತೋರಿಸುವುದರಲ್ಲಿ ಏನಿದೆ ಸ್ವಾರಸ್ಯ?

ಸಮಯ ಇದ್ದರೆ ಇನ್ನೊಂದು ಮಾಡಿ. ಅದೇ ತುಪ್ಪವನ್ನು ಎರಡು ಶೀಶೆಗೆ ಸೋಸಿ. ಒಂದನ್ನು ಫ್ರಿಜ್‌ನಲ್ಲಿಡಿ, ಇನ್ನೊಂದನ್ನು ಬಟ್ಟೆ ಸುತ್ತಿ ಅಡುಗೆಮನೆ ಮೂಲೆಯಲ್ಲಿ ನಿಧಾನವಾಗಿ ತಣಿಯಲು ಬಿಡಿ. ಫ್ರಿಜ್‌ನಲ್ಲಿ ಬೇಗ ತಣಿದದ್ದು ನುಣ್ಣಗೆ ಇರುತ್ತದೆ. ನಿಧಾನಕ್ಕೆ ತಣಿದದ್ದು ಮರಳು ಮರಳಾಗಿ ಕಾಳು ಕಟ್ಟುತ್ತದೆ. ಹರಳು ಬೆಳೆಯಲು ಸಮಯ ಸಿಕ್ಕರೆ ದೊಡ್ಡದಾಗುತ್ತದೆ, ಸಿಗದಿದ್ದರೆ ಸಣ್ಣದಾಗೇ ಉಳಿಯುತ್ತದೆ. ಈ ಮಾತು ನೆನಪಿರಲಿ, ಚಿತ್ರದುರ್ಗದ ಕಲ್ಲಿನ ಹತ್ತಿರ ಮತ್ತೆ ಬೇಕಾಗುತ್ತದೆ.

ಸಕ್ಕರೆ, ಬೆಲ್ಲ

ಸಕ್ಕರೆ ಕರಗುವುದು 186 ಡಿಗ್ರಿಗೆ ಅಂತ ಪುಸ್ತಕಗಳಲ್ಲಿ ಓದಿರುತ್ತೀರಿ. ಆದರೆ ಒಣ ಬಾಣಲೆಗೆ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಇಟ್ಟು ನೋಡಿ. ಅದಕ್ಕಿಂತ ಎಷ್ಟೋ ಮೊದಲೇ ಅಂಚು ಹಳದಿಯಾಗಿ ಒದ್ದೆಯಾಗುತ್ತದೆ. ನಿಧಾನವಾಗಿ ಕಾಯಿಸಿದಷ್ಟೂ ಕಡಿಮೆ ಉಷ್ಣತೆಗೇ ದ್ರವ ಬರುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ಸಕ್ಕರೆಯ ಅಣುಗಳು ಮೊದಲು ಒಡೆಯಲು ಶುರುವಾಗುತ್ತವೆ, ಹರಳು ಕುಸಿಯುವುದು ಅದರಿಂದ. ಐಸಿನ ಹಾಗೆ ಕರಗಿ, ಐಸಿನ ಹಾಗೆ ವಾಪಸ್ ಬರುವ ವಸ್ತು ಇದಲ್ಲ. ತಣಿದ ಕ್ಯಾರಮೆಲ್ ಗಾಜಿನ ಹಾಗೆ ಹೊಳೆಯುತ್ತದೆ, ಅದರಿಂದ ಬಿಳಿ ಸಕ್ಕರೆ ಹರಳು ಮತ್ತೆ ಸಿಗುವುದಿಲ್ಲ.

ಬೆಲ್ಲದ ಪಾಕವನ್ನು ಇದರ ಜೊತೆ ಸೇರಿಸಬೇಡಿ. ಅದರಲ್ಲಿ ನೀರು ಹಾಕಿರುತ್ತೇವೆ. ಬೆಲ್ಲ ನೀರಿನಲ್ಲಿ ಬೆರೆತು, ನೀರು ಕುದಿದು ಹೋದಂತೆ ಪಾಕ ಗಟ್ಟಿಯಾಗುತ್ತದೆ. ನೀರು ಕಡಿಮೆಯಾದಷ್ಟೂ ಕುದಿಯುವ ಉಷ್ಣತೆ ಮೇಲೆ ಹೋಗುತ್ತದೆ. ಸಕ್ಕರೆ ಪಾಕದಲ್ಲಾದರೆ ಒಂದೆಳೆಗೆ ಸುಮಾರು 105 ಡಿಗ್ರಿ. ನೀರಿಗೆ ಹಾಕಿದಾಗ ಮೆತ್ತನೆಯ ಉಂಡೆ ಕಟ್ಟುವ ಹದಕ್ಕೆ 112-116. ಟಕ್ಕನೆ ಮುರಿಯುವ ಚಿಕ್ಕಿ ಹದಕ್ಕೆ 150ರ ಹತ್ತಿರ. ಶೇಂಗಾ ಚಿಕ್ಕಿ ಮಾಡುವವರು ಬಟ್ಟಲು ನೀರು ಪಕ್ಕದಲ್ಲಿಟ್ಟುಕೊಂಡು ಹನಿ ಬಿಟ್ಟು ನೋಡುವುದು ಇದನ್ನೇ. ಪಾಕ ತೋರಿಸುವುದಾದರೆ ದ್ರಾವಣದ ಪಾಠಕ್ಕೆ ಇಟ್ಟುಕೊಳ್ಳಿ, ಕರಗುವ ಬಿಂದುವಿಗೆ ಬೇಡ. ಇನ್ನೊಂದು ಮಾತು: ಬಿಸಿ ಪಾಕ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ, ಕುದಿಯುವ ನೀರಿಗಿಂತ ಕೆಟ್ಟದಾಗಿ ಸುಡುತ್ತದೆ. ಬಾಣಲೆ ದೊಡ್ಡವರ ಕೈಯಲ್ಲೇ ಇರಲಿ.

ಕರ್ಪೂರ, ಮೈಲುತುತ್ತ

ಕರ್ಪೂರಕ್ಕೂ ಕರಗುವ ಬಿಂದು ಇದೆ, 175 ಡಿಗ್ರಿ ದಾಟಿ. ಆದರೆ ಅದು ಅಲ್ಲಿವರೆಗೆ ಕಾಯುವುದಿಲ್ಲ. ಸುಮ್ನೆ ಇಟ್ಟರೂ ಸವೆಯುತ್ತದೆ, ಘನದಿಂದ ನೇರ ಆವಿಗೆ. ಪುಸ್ತಕದಲ್ಲಿರುವ ಹಾಗೆ ಪಿಂಗಾಣಿ ಬಟ್ಟಲು, ಅದರ ಮೇಲೆ ಬೋರಲು ಹಾಕಿದ ಆಲಿಕೆ, ಕೆಳಗೆ ಸ್ಪಿರಿಟ್ ದೀಪ ಇಟ್ಟು ಮಾಡಬಹುದು. ನನಗೆ ಇಷ್ಟ ಇಲ್ಲ. ಕರ್ಪೂರದ ಆವಿ ಹೊತ್ತಿಕೊಳ್ಳುವಂಥದ್ದು, ಪ್ರದರ್ಶನದ ನೂಕುನುಗ್ಗಲಿನಲ್ಲಿ ಅದು ಬೇಡ. ಮುಚ್ಚಳ ಬಿಗಿಯಾದ ಗಾಜಿನ ಬಾಟಲಿಯಲ್ಲಿ ಒಂದಷ್ಟು ಕರ್ಪೂರ ಹಾಕಿ, ಒಂದು ಬದಿಗೆ ಬಿಸಿಲು ತಾಗುವ ಹಾಗೆ ಕೆಲವು ದಿನ ಇಡಿ. ತಂಪಾದ ಬದಿಯ ಗಾಜಿಗೆ ಸಣ್ಣ ಹರಳುಗಳು ಅಂಟಿಕೊಳ್ಳುತ್ತವೆ. ನಡುವೆ ಎಲ್ಲೂ ದ್ರವ ಕಾಣುವುದಿಲ್ಲ. ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಳ್ಳದ ಹಾಗೆ ನೋಡಿಕೊಳ್ಳಿ, ಕರ್ಪೂರ ನುಂಗಿದರೆ ಫಿಟ್ಸ್ ಬರಬಹುದು.

ಹೈಸ್ಕೂಲಿಗೆ ನಾನು ಕರ್ಪೂರಕ್ಕಿಂತ ಮೈಲುತುತ್ತವನ್ನೇ ಹೇಳುತ್ತೇನೆ. ಚನ್ನಗಿರಿ, ಹೊಳಲ್ಕೆರೆ ಕಡೆಯ ಮಕ್ಕಳಿಗೆ ಇದು ಹೊಸದಲ್ಲ. ಅಡಿಕೆಗೆ ಕೊಳೆರೋಗ ಬರದಂತೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಹಾಕುತ್ತಾರೆ. ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಆ ಕಡುನೀಲಿ ಹರಳಿನೊಳಗೆ ಒಂದೊಂದು ತಾಮ್ರದ ಸಲ್ಫೇಟಿಗೆ ಐದೈದು ನೀರಿನ ಅಣುಗಳು ಸೇರಿಕೊಂಡಿರುತ್ತವೆ. ಕಾಯಿಸಿದರೆ 63 ಡಿಗ್ರಿಯ ಹೊತ್ತಿಗೆ ಎರಡು, 109ಕ್ಕೆ ಇನ್ನೆರಡು, 200ಕ್ಕೆ ಕೊನೆಯದು ಹೊರಬೀಳುತ್ತವೆ. ಹರಳು ಕರಗುವುದಿಲ್ಲ, ಬೂದಿಬಣ್ಣದ ಬಿಳಿ ಪುಡಿಯಾಗಿ ಉದುರುತ್ತದೆ.

ಪ್ರನಾಳದ ಬಾಯಿ ಸ್ವಲ್ಪ ಕೆಳಮುಖವಾಗಿರುವಂತೆ ಹಿಡಿಯಿರಿ. ಆವಿ ಬಾಯಿಯ ಬಳಿ ತಣಿದು ಹನಿಯಾಗುತ್ತದೆ. ಬಾಯಿ ಮೇಲಿದ್ದರೆ ಆ ಹನಿ ಹಿಂದಕ್ಕೆ ಹರಿದು ಬಿಸಿ ಬುಡಕ್ಕೆ ತಾಗಿ ಗಾಜು ಬಿರಿಯುತ್ತದೆ. ತಣಿದ ಬಿಳಿ ಪುಡಿಗೆ ಒಂದು ಹನಿ ನೀರು ಬಿಡಿ. ಹನಿ ಬಿದ್ದ ಕಡೆ ನೀಲಿ ಬಣ್ಣ ಎದ್ದು ಬರುತ್ತದೆ, ಪ್ರನಾಳದ ಬುಡ ಬೆಚ್ಚಗಾಗುತ್ತದೆ. ಕೊಟ್ಟ ಶಾಖದಲ್ಲಿ ಒಂದು ಪಾಲು ವಾಪಸ್ ಬಂತು ಅಂತ ಮಕ್ಕಳೇ ಹೇಳುತ್ತಾರೆ. ವಿಷ ಅನ್ನುವುದು ಮರೆಯಬೇಡಿ, ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಲೋಹ ಬೇಕೇ ಬೇಕು ಅನ್ನುವವರಿಗೆ

ಟಿ.ವಿ. ರಿಪೇರಿ ಅಂಗಡಿಯ ಬೆಸುಗೆ ತಂತಿ ಇದಕ್ಕೆ ಸರಿ. ತವರ 232 ಡಿಗ್ರಿಗೆ ಕರಗುತ್ತದೆ, ಸೀಸ 327ಕ್ಕೆ. ಎರಡನ್ನೂ 63ಕ್ಕೆ 37ರಂತೆ ಬೆರೆಸಿದರೆ ಎರಡಕ್ಕಿಂತಲೂ ಕಡಿಮೆ, 183ಕ್ಕೇ ಕರಗುತ್ತದೆ! ಅದೂ ಐಸಿನ ಹಾಗೆ ಒಂದೇ ಅಂಕಿಗೆ. ಬೆರಕೆ ಎಲ್ಲ ಮೇಣದ ಹಾಗೆ ಎಳೆದಾಡುತ್ತವೆ ಅಂದುಕೊಂಡವರಿಗೆ ಇದು ಒಳ್ಳೆಯ ಉತ್ತರ. 60ಕ್ಕೆ 40ರ ತಂತಿ ತಂದರೆ 183ರಿಂದ 190ರವರೆಗೆ ಗಂಜಿಯ ಹಾಗೆ ಇರುತ್ತದೆ. ಶಾಲೆಗೆ ಸೀಸ ಬೇಡ ಅಂದರೆ ತವರಕ್ಕೆ ಚೂರು ತಾಮ್ರ ಸೇರಿಸಿದ ಸೀಸರಹಿತ ತಂತಿ ಸಿಗುತ್ತದೆ, 227 ಡಿಗ್ರಿ. ನನ್ನ ಮತ ಅದಕ್ಕೇ. ಕಿಟಕಿ ತೆರೆದಿರಲಿ.

ದುಡ್ಡಿದ್ದವರು ಆನ್‌ಲೈನಿನಲ್ಲಿ ಗ್ಯಾಲಿಯಂ ತರಿಸುತ್ತಾರೆ. 29.8 ಡಿಗ್ರಿಗೆ ಅಂಗೈಯಲ್ಲೇ ಕರಗುವ ಲೋಹ. ಮೆಂಡಲೀವ್ 1871ರಲ್ಲೇ ಇಂಥದ್ದೊಂದು ಇರಬೇಕು ಅಂದಿದ್ದರು, 1875ರಲ್ಲಿ ಸಿಕ್ಕಿತು. ಆದರೆ ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಪೊಟ್ಟಣ ಬಿಚ್ಚುವಾಗಲೇ ದ್ರವ! ಅಲ್ಯೂಮಿನಿಯಂ ತಟ್ಟೆಯಲ್ಲಿ ಮಾತ್ರ ಇಡಬೇಡಿ, ತಟ್ಟೆಯನ್ನೇ ತಿಂದು ಪುಡಿ ಮಾಡುತ್ತದೆ.

ತಾಮ್ರ ಕರಗಲು 1085 ಡಿಗ್ರಿ ಬೇಕು. ಚಿತ್ರದುರ್ಗದ ಹತ್ತಿರ ಇಂಗಳದಾಳ್‌ನಲ್ಲಿ ಹಿಂದೆ ತಾಮ್ರದ ಅದಿರು ತೆಗೆಯುತ್ತಿದ್ದರು. ಆ ಅದಿರನ್ನು ಸುಮ್ನೆ ಕರಗಿಸಿದರೆ ತಾಮ್ರ ಬರುವುದಿಲ್ಲ. ಗಂಧಕದ ಜೊತೆ ಕೂಡಿಕೊಂಡಿರುವ ತಾಮ್ರವನ್ನು ಬಿಡಿಸಬೇಕು, ಅದು ರಾಸಾಯನಿಕ ಕೆಲಸ.

ಕಲ್ಲೂ ಕರಗುತ್ತದೆ. ಅದನ್ನು ಟೇಬಲ್ ಮೇಲೆ ತೋರಿಸಲಾಗುವುದಿಲ್ಲ, ಆದರೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದು. ಚಿತ್ರದುರ್ಗದಿಂದ ಹಿರಿಯೂರಿನ ಕಡೆಗೆ ಸಿಗುವ ಮರಡಿಹಳ್ಳಿಯಲ್ಲಿ ಸುಮಾರು 250 ಕೋಟಿ ವರ್ಷ ಹಳೆಯ ದಿಂಬು ಲಾವಾ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ಸಾವಿರ ಡಿಗ್ರಿ ಮೀರಿದ ಬಿಸಿಯ ಲಾವಾ ನೀರಿನಡಿ ಉಕ್ಕಿ, ಹೊರಮೈ ತಟ್ಟನೆ ತಣಿದು ಉಂಡೆ ಉಂಡೆಯಾಗಿ ಗಟ್ಟಿಯಾದದ್ದು. ಬೇಗ ತಣಿದಿದ್ದರಿಂದ ಕಣಗಳು ಬರಿಗಣ್ಣಿಗೆ ಕಾಣುವುದಿಲ್ಲ. ಅಲ್ಲಿಂದ ಕೋಟೆಗೆ ಬನ್ನಿ. ಬಂಡೆಗೆ ಮೂಗು ತಾಗಿಸಿ ನೋಡಿದರೆ ಬಿಳಿ, ಬೂದು, ಕಪ್ಪು ಹರಳುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಆ ಗ್ರಾನೈಟ್ ನೆಲದಾಳದಲ್ಲಿ ಬಹಳ ನಿಧಾನವಾಗಿ ತಣಿದದ್ದು. ಮೂಲೆಯಲ್ಲಿ ಬಟ್ಟೆ ಸುತ್ತಿಟ್ಟ ತುಪ್ಪದಲ್ಲಿ ಕಾಳು ಕಟ್ಟಿದ್ದೂ ಇದೇ ಕಾರಣಕ್ಕೆ.

ಕರಗದೇ ಇರುವವೂ ಬೇಕು

ಹೋಲಿಕೆಗೆ ಎರಡು ಜೋಡಿ ಇಡಿ. ಮೊದಲನೆಯದು ದಾರ. ಹತ್ತಿ ಗಿರಣಿಗಳಿಂದ ಹೆಸರು ಮಾಡಿದ ಊರಿದು, ಹತ್ತಿ ದಾರ ತರುವುದು ಕಷ್ಟವಲ್ಲ. ಅದರ ಪಕ್ಕ ಪಾಲಿಯೆಸ್ಟರ್ ದಾರ. ಇಕ್ಕಳದಲ್ಲಿ ಒಂದೊಂದೇ ಎಳೆ ಹಿಡಿದು ಸ್ಟೀಲ್ ತಟ್ಟೆಯ ಮೇಲೆ ಉರಿಗೆ ತಾಗಿಸಿ. ಹತ್ತಿ ಕರಗುವುದಿಲ್ಲ, ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಉರಿಯಿಂದ ಹಿಂದೆ ಸರಿದು ಮುದುಡಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಅದು 250-260 ಡಿಗ್ರಿಗೆ ಕರಗುವ ವಸ್ತು. ಇಸ್ತ್ರಿ ಪೆಟ್ಟಿಗೆಯ ಗುಂಡಿಯಲ್ಲಿ ನೈಲಾನ್ ಕಡಿಮೆ ಬಿಸಿಯ ಕಡೆ, ಹತ್ತಿ ಹೆಚ್ಚು ಬಿಸಿಯ ಕಡೆ ಯಾಕಿದೆ ಅಂತ ಮಕ್ಕಳನ್ನೇ ಕೇಳಿ.

ಎರಡನೆಯದು ಮಂಡಕ್ಕಿ. ಭಟ್ಟಿಯಲ್ಲಿ ಅಕ್ಕಿ, ಮರಳು ಎರಡೂ ಒಂದೇ ಬಾಣಲೆಯಲ್ಲಿ ಕಾಯುತ್ತವೆ. ಮರಳಿಗೆ ಏನೂ ಆಗುವುದಿಲ್ಲ, ಅದು ಕರಗಲು 1700 ಡಿಗ್ರಿಯ ಹತ್ತಿರ ಬೇಕು. ಅಕ್ಕಿಯೊಳಗಿನ ತೇವ ಆವಿಯಾಗಿ, ಮೆತ್ತಗಾದ ಪಿಷ್ಟವನ್ನು ಒಳಗಿನಿಂದ ಉಬ್ಬಿಸುತ್ತದೆ. ಕರಗದೆಯೂ ಪೂರ್ತಿ ಬದಲಾಗುವ ವಸ್ತು ಅದು. ಪ್ರಯೋಗ ಮಾಡಬೇಕಾಗಿಲ್ಲ, ಒಂದು ಹಿಡಿ ಅಕ್ಕಿ, ಒಂದು ಹಿಡಿ ಮರಳು, ಒಂದು ಹಿಡಿ ಮಂಡಕ್ಕಿ ಇಟ್ಟರೆ ಸಾಕು. ಮೆಣಸಿನಕಾಯಿ ಬೋಂಡಾ ಪಕ್ಕಕ್ಕೆ ಇಟ್ಟರೆ ಟೇಬಲ್ ಖಾಲಿಯಾಗುವುದು ಗ್ಯಾರಂಟಿ.

ಹಾಗಾದರೆ ಯಾರಿಗೆ ಯಾವುದು

ಐದನೇ ಕ್ಲಾಸಿನ ತನಕ ಕೊಬ್ಬರಿ ಎಣ್ಣೆ, ಐಸು. ಆರು, ಏಳಕ್ಕೆ ಬೆಣ್ಣೆ, ಜೊತೆಗೆ ಮೇಣದ ಗುಳಿ ಮತ್ತು ಐಸಿನ ಉಬ್ಬು. ಎಂಟನೇ ತರಗತಿಗೆ ಮೈಲುತುತ್ತ, ದಾರ. ಒಂಬತ್ತನೆಯವರಿಗೆ ಗ್ರಾಫ್ ಬೇಕಾಗುವುದರಿಂದ ಐಸು ಮತ್ತು ಸ್ಟಿಯರಿಕ್ ಆಮ್ಲ. ಒಂದೇ ಒಂದು ಇಡುವುದಾದರೆ ಬೆಣ್ಣೆ, ಎರಡನೇ ಮಾತಿಲ್ಲ.

ಪ್ಲಾಸ್ಟಿಕ್ ಮಾತ್ರ ಯಾವ ತರಗತಿಗೂ ಬೇಡ. ಪೈಪಿನ ಪಿ.ವಿ.ಸಿ. ಕಾಯಿಸಿದರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ, ಕಣ್ಣು ಗಂಟಲು ಎರಡೂ ಉರಿಯುತ್ತವೆ. ಖಾಲಿ ಅಲ್ಯೂಮಿನಿಯಂ ಪಾತ್ರೆಯನ್ನು ಒಲೆಯ ಮೇಲೆ ಬಿಟ್ಟು ಹೋಗಬೇಡಿ, 660 ಡಿಗ್ರಿಗೆ ಅದೂ ಕರಗುತ್ತದೆ, ಗ್ಯಾಸಿನ ಉರಿಗೆ ಅದು ದೊಡ್ಡದಲ್ಲ. ಮೇಣವೋ ಬೆಣ್ಣೆಯೋ ಹೊತ್ತಿಕೊಂಡರೆ ನೀರು ಹಾಕಲೇಬಾರದು. ನೀರು ತಳಕ್ಕೆ ಇಳಿದು ಒಮ್ಮೆಲೇ ಆವಿಯಾಗಿ ಉರಿಯುವ ಕೊಬ್ಬನ್ನು ಮೇಲಕ್ಕೆ ಎರಚುತ್ತದೆ. ಗ್ಯಾಸ್ ಆರಿಸಿ, ಬಾಣಲೆಗೆ ಸರಿಹೊಂದುವ ತಟ್ಟೆ ಮುಚ್ಚಿ, ಪೂರ್ತಿ ತಣಿಯುವ ತನಕ ತೆಗೆಯಬೇಡಿ. ಆ ತಟ್ಟೆಯನ್ನು ಒಲೆ ಹಚ್ಚುವ ಮೊದಲೇ ಕೈಗೆಟುಕುವ ಹಾಗೆ ಇಟ್ಟುಕೊಂಡಿರಿ.